ಒಂದು ಗ್ರಾಂ ಚಿನ್ನದ ವಿದ್ಯುತ್ ಲೆಕ್ಕ: ಗಣಿ ಮತ್ತು ಶಕ್ತಿ ಎಂಜಿನಿಯರಿಂಗ್ ಶಿಕ್ಷಣ ಕುರಿತು



ಶಕ್ತಿ ಮತ್ತು ಖನಿಜ ಎಂಜಿನಿಯರಿಂಗನ್ನು ವಿಶ್ವವಿದ್ಯಾಲಯದಲ್ಲಿ ಹೇಗೆ ಕಲಿಸಬೇಕು, ಅಲ್ಲಿ ಯಾವ ಬಗೆಯ ಸಂಶೋಧನೆ ನಡೆಯಬೇಕು ಎಂಬುದು ಇವತ್ತಿನ ವಿಷಯ. ನಮ್ಮ ಕಾಲೇಜುಗಳಲ್ಲಿ ಗಣಿಗಾರಿಕೆಗೆ ಒಂದು ವಿಭಾಗ, ವಿದ್ಯುತ್ತಿಗೆ ಇನ್ನೊಂದು, ಲೋಹಶಾಸ್ತ್ರಕ್ಕೆ ಮತ್ತೊಂದು. ಸೌರಶಕ್ತಿಗೆ ಇತ್ತೀಚೆಗೆ ಕಟ್ಟಿಸಿದ ಬೇರೆಯದೇ ಕಟ್ಟಡ. ಒಂದು ವಿಭಾಗದ ಹುಡುಗ ನಾಲ್ಕು ವರ್ಷದಲ್ಲಿ ಇನ್ನೊಂದು ವಿಭಾಗದ ಮೆಟ್ಟಿಲು ಹತ್ತುವುದಿಲ್ಲ. ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದಂಥ ಕಡೆ ಶಕ್ತಿಯನ್ನೂ ಖನಿಜವನ್ನೂ ಒಂದೇ ವಿಭಾಗದಡಿ ತಂದಿದ್ದಾರೆ. ಅದು ಆಡಳಿತದ ಅನುಕೂಲಕ್ಕೆ ಮಾಡಿದ ಏರ್ಪಾಡು ಎಂದು ನಮ್ಮಲ್ಲಿ ಅನೇಕರು ಭಾವಿಸಿದ್ದಾರೆ. ನನ್ನ ಅಭಿಪ್ರಾಯ ಬೇರೆ. ಈ ಎರಡೂ ಮೂಲದಲ್ಲೇ ಒಂದು ವಿಷಯ. ಜೊತೆಗೆ, ಅದನ್ನು ನಿಜವಾದ ಗಣಿಯೊಂದರ ಒಳಗೆ ನಿಂತು ಕಲಿಯಬೇಕು. ಇಷ್ಟನ್ನು ನಿಮ್ಮ ಮುಂದೆ ಸಾಧಿಸಿ ತೋರಿಸಬೇಕೆಂದು ಬಂದಿದ್ದೇನೆ.

ಲೆಕ್ಕದಿಂದಲೇ ಶುರು ಮಾಡೋಣ. ಪಿಯುಸಿ ಭೌತಶಾಸ್ತ್ರ ಓದಿದ ಯಾರು ಬೇಕಾದರೂ ಇದನ್ನು ಮಾಡಬಹುದು. ಕೋಲಾರ ಚಿನ್ನದ ಗಣಿಯ ಚಾಂಪಿಯನ್ ರೀಫ್ ವಿಭಾಗ ನೆಲದಿಂದ ಸುಮಾರು 3,200 ಮೀಟರ್ ಆಳಕ್ಕೆ ಇಳಿದಿತ್ತು. ನಾವು 3,000 ಮೀಟರ್ ಎಂದು ಇಟ್ಟುಕೊಳ್ಳೋಣ. ಅಲ್ಲಿಂದ ಒಂದು ಟನ್ ಅದಿರನ್ನು ಮೇಲಕ್ಕೆ ಎತ್ತಲು, ಹಗ್ಗದ ತೂಕ, ಯಂತ್ರದ ನಷ್ಟ ಎಲ್ಲವನ್ನೂ ಬಿಟ್ಟು, ಬರೀ ಗುರುತ್ವದ ವಿರುದ್ಧ ಮಾಡುವ ಕೆಲಸ ಸುಮಾರು 2.94 ಕೋಟಿ ಜೂಲ್. ನಮ್ಮ ಮನೆಯ ಮೀಟರಿನ ಭಾಷೆಯಲ್ಲಿ 8 ಯೂನಿಟ್‌ಗಿಂತ ಸ್ವಲ್ಪ ಹೆಚ್ಚು. ಇಷ್ಟು ಹೇಳಿ ತರಗತಿಯಲ್ಲಿ ಒಂದು ಪ್ರಶ್ನೆ ಕೇಳುತ್ತೇನೆ. ಮೇಲೆ ಬಂದ ಅದೇ ಟನ್ ಅದಿರನ್ನು ಗಿರಣಿಯಲ್ಲಿ ಅರೆದು ಹಿಟ್ಟು ಮಾಡಲು ಎಷ್ಟು ಯೂನಿಟ್ ಬೇಕು? ವಿದ್ಯಾರ್ಥಿಗಳು ಸಾಮಾನ್ಯವಾಗಿ ಒಂದು, ಎರಡು ಎನ್ನುತ್ತಾರೆ. ಗಟ್ಟಿ ಕ್ವಾರ್ಟ್ಜ್ ಅದಿರಿಗೆ ಅದು ಟನ್ನಿಗೆ 12ರಿಂದ 20 ಯೂನಿಟ್‌ವರೆಗೆ ಹೋಗುತ್ತದೆ. ಮೂರು ಕಿಲೋಮೀಟರ್ ಎತ್ತುವುದಕ್ಕಿಂತ, ಎತ್ತಿದ್ದನ್ನು ಪುಡಿ ಮಾಡುವುದು ದುಬಾರಿ! ಆ ಶಕ್ತಿಯ ಬಹುಭಾಗವೂ ಬಂಡೆಯನ್ನು ಒಡೆಯುವುದಕ್ಕೆ ಹೋಗದೆ ಶಾಖವಾಗಿ, ಸದ್ದಾಗಿ ಹೋಗಿಬಿಡುತ್ತದೆ. ಫ್ರೆಡ್ ಬಾಂಡ್ 1952ರಲ್ಲಿ ಅರೆಯುವಿಕೆಗೆ ಒಂದು ಸೂತ್ರ ಕೊಟ್ಟ. ಎಪ್ಪತ್ತು ವರ್ಷ ದಾಟಿದರೂ ಜಗತ್ತಿನ ಗಿರಣಿಗಳನ್ನು ಇವತ್ತಿಗೂ ಅದೇ ಸೂತ್ರದ ಆಧಾರದ ಮೇಲೆ ವಿನ್ಯಾಸ ಮಾಡುತ್ತಾರೆ. ಗಿರಣಿಯೊಳಗೆ ವ್ಯರ್ಥವಾಗುವ ಆ ಶಕ್ತಿಯನ್ನು ಉಳಿಸುವ ದಾರಿ ಪೂರ್ತಿ ಸಿಕ್ಕಿಲ್ಲ. ಪಿಎಚ್.ಡಿ.ಗೆ ವಿಷಯ ಹುಡುಕುತ್ತಿರುವವರಿಗೆ ಇದಕ್ಕಿಂತ ದೊಡ್ಡ ವಿಷಯ ಬೇಕೇ?

ಲೆಕ್ಕ ಇನ್ನೂ ಮುಗಿದಿಲ್ಲ. ಕೋಲಾರದಲ್ಲಿ ಆರಂಭದ ವರ್ಷಗಳಲ್ಲಿ ಟನ್ ಅದಿರಿಗೆ 47 ಗ್ರಾಂನಷ್ಟು ಚಿನ್ನ ಸಿಗುತ್ತಿತ್ತು. ಕೊನೆಗಾಲಕ್ಕೆ ಅದು 3 ಗ್ರಾಂ ಆಸುಪಾಸಿಗೆ ಇಳಿಯಿತು. ಅಂದರೆ ಮೊದಲು ಒಂದು ಗ್ರಾಂ ಚಿನ್ನಕ್ಕೆ 21 ಕಿಲೋ ಕಲ್ಲು ಸಾಕಿತ್ತು, ಕೊನೆಗೆ 330 ಕಿಲೋ ಕಲ್ಲು ಬೇಕಾಯಿತು. ಆ ಕಲ್ಲೆಲ್ಲ ಬರುತ್ತಿದ್ದದ್ದು ಮೊದಲಿಗಿಂತ ಎಷ್ಟೋ ಪಟ್ಟು ಆಳದಿಂದ. ಅಲ್ಲಿ ಬಂಡೆಯ ಉಷ್ಣಾಂಶ 65 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಮನುಷ್ಯರು ನಿಂತು ಕೆಲಸ ಮಾಡಬೇಕಾದರೆ ಗಾಳಿಯನ್ನು ತಂಪು ಮಾಡಿ ಕೆಳಕ್ಕೆ ತಳ್ಳಬೇಕು, ಸೋರಿ ಬಂದ ನೀರನ್ನು ಹಗಲಿರುಳೂ ಮೇಲೆತ್ತಬೇಕು. ಇವೆಲ್ಲವನ್ನೂ ಸೇರಿಸಿದಾಗ ಒಂದು ಗ್ರಾಂ ಚಿನ್ನದ ಹಿಂದೆ ಎಷ್ಟು ವಿದ್ಯುತ್ ಇದೆ ಎಂಬುದೇ ಆ ಗಣಿಯ ಆಯುಷ್ಯದ ಪ್ರಶ್ನೆಯಾಗುತ್ತದೆ. ಅದಿರಿನ ಗುಣಮಟ್ಟ ಕುಸಿದಂತೆ ಶಕ್ತಿಯ ಖರ್ಚು ಏರುವ ಈ ಕಥೆ ಚಿನ್ನಕ್ಕಷ್ಟೇ ಸೀಮಿತವಲ್ಲ. ತಾಮ್ರದ್ದೂ ಇದೇ ಕಥೆ, ನಿಕ್ಕಲಿನದೂ ಇದೇ. ಸೌರಫಲಕ, ಗಾಳಿಯಂತ್ರ, ಬ್ಯಾಟರಿ ಎಂದು ನಾವು ಹೊಸ ಶಕ್ತಿಗೆ ಹೊರಳಿದಷ್ಟೂ ಈ ಲೋಹಗಳು ಹೆಚ್ಚು ಬೇಕು. ಲೋಹಗಳು ಹೆಚ್ಚು ಬೇಕಾದಷ್ಟೂ ಶಕ್ತಿ ಹೆಚ್ಚು ಬೇಕು. ಈ ಸುತ್ತನ್ನು ಎರಡು ವಿಭಾಗಗಳಿಗೆ ಹರಿದು ಹಂಚಿದರೆ ಲೆಕ್ಕ ಎಂದೂ ಕೂಡಿಬರುವುದಿಲ್ಲ.

ಗಣಿಗೂ ಶಕ್ತಿಗೂ ಇರುವ ಈ ನಂಟು ಮೈಸೂರು ಸಂಸ್ಥಾನದಲ್ಲಿ ಮೊದಲಿನಿಂದಲೇ ಗೊತ್ತಿತ್ತು. 1902ರ ಜೂನ್‌ನಲ್ಲಿ ಶಿವನಸಮುದ್ರದ ವಿದ್ಯುತ್ ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಹರಿದು ಮೊದಲು ತಲುಪಿದ್ದು ಅರಮನೆಯನ್ನೂ ಅಲ್ಲ, ಬೆಂಗಳೂರನ್ನೂ ಅಲ್ಲ, ಕೋಲಾರದ ಗಣಿಯನ್ನು. ಬೆಂಗಳೂರಿನ ಬೀದಿದೀಪ ಹೊತ್ತಿಕೊಂಡದ್ದು ಮೂರು ವರ್ಷ ಕಳೆದು, 1905ರಲ್ಲಿ. ಆ ಕಾಲದಲ್ಲಿ ಅಷ್ಟು ದೂರ ವಿದ್ಯುತ್ ಸಾಗಿಸಿದ ಉದಾಹರಣೆ ಜಗತ್ತಿನಲ್ಲೇ ವಿರಳ. ಶೇಷಾದ್ರಿ ಅಯ್ಯರ್ ಅವರ ದಿವಾನಗಿರಿಯಲ್ಲಿ ರೂಪುಗೊಂಡ, ಜೋಲಿ ದ ಲೊಟ್ಬಿನಿಯೇರ್ ಎಂಬ ಎಂಜಿನಿಯರ್ ಮುಂದೆ ನಿಂತು ನಡೆಸಿದ ಆ ಯೋಜನೆಗೆ ಗಿರಾಕಿ ಗಣಿ. ಗಣಿ ಇಲ್ಲದಿದ್ದರೆ ಆ ಬಂಡವಾಳ ಅಷ್ಟು ಬೇಗ ಬರುತ್ತಿರಲಿಲ್ಲ. ನಮ್ಮ ರಾಜ್ಯದಲ್ಲಿ ವಿದ್ಯುತ್ ಎಂಜಿನಿಯರಿಂಗ್ ಬೇರೂರಿದ್ದು ಗಣಿಯ ಅಗತ್ಯದ ಮೇಲೆ ಎಂಬುದನ್ನು ಇಂದಿನ ಪಠ್ಯಪುಸ್ತಕಗಳು ಹೇಳುವುದಿಲ್ಲ. ಹೇಳಬೇಕು.

ಈಗ ಕೆಜಿಎಫ್, ಅಂದರೆ ಕೋಲಾರ ಚಿನ್ನದ ಗಣಿ ಪ್ರದೇಶದ ಬಗ್ಗೆ ಸ್ವಲ್ಪ ನಿಧಾನವಾಗಿ ಮಾತಾಡುತ್ತೇನೆ. ನನ್ನ ಮಟ್ಟಿಗೆ ಅದು ಕರ್ನಾಟಕ ಕಂಡ ಅತಿ ದೊಡ್ಡ ಎಂಜಿನಿಯರಿಂಗ್ ಶಾಲೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಅಲ್ಲಿಗೆ ಬಂದ ಮೇಲೆ ನೂರಿಪ್ಪತ್ತು ವರ್ಷಗಳಲ್ಲಿ ಅಲ್ಲಿಂದ ಸುಮಾರು 800 ಟನ್ ಚಿನ್ನ ಹೊರಬಂತು. ಎಲ್ಲರೂ ಮಾತಾಡುವುದು ಆ ಚಿನ್ನದ ಬಗ್ಗೆ. ಆದರೆ ಅಲ್ಲಿ ಅದಕ್ಕಿಂತ ಹೆಚ್ಚಾಗಿ ಉತ್ಪಾದನೆಯಾದದ್ದು ಜ್ಞಾನ, ಅದೂ ರಕ್ತ ಕೊಟ್ಟು ಪಡೆದ ಜ್ಞಾನ.

ಮೂರು ಕಿಲೋಮೀಟರ್ ಆಳದಲ್ಲಿ ಮೇಲಿನ ಬಂಡೆಯ ಭಾರ ಚದರ ಸೆಂಟಿಮೀಟರಿಗೆ 800 ಕಿಲೋಗ್ರಾಂ ದಾಟುತ್ತದೆ. ಚಾಂಪಿಯನ್ ಲೋಡ್ ಅನ್ನುವ ಕ್ವಾರ್ಟ್ಜ್ ಪಟ್ಟಿ ಬಹಳ ಕಡೆ ಒಂದು ಮೀಟರ್ ಅಗಲವಷ್ಟೇ ಇರುತ್ತಿತ್ತು. ಕಪ್ಪು ಹಾರ್ನ್‌ಬ್ಲೆಂಡ್ ಶಿಲೆಯ ನಡುವೆ ನೀಲಿ ಛಾಯೆಯ ಬೂದು ಕಲ್ಲಿನ ಆ ಪಟ್ಟಿಯನ್ನು ಬಗೆದು ತೆಗೆದಾಗ ಉಳಿಯುವ ಪೊಳ್ಳು ಜಾಗ ಭಾರವನ್ನು ಹೊರಲಾರದು. ಅದರ ಭಾರವೆಲ್ಲ ಅಕ್ಕಪಕ್ಕದ ಬಂಡೆಗೆ, ಕೀಳದೆ ಬಿಟ್ಟ ಕಂಬಗಳಿಗೆ ವರ್ಗವಾಗುತ್ತದೆ. ಆ ಶಿಲೆ ಮೆದುವಾಗಿದ್ದರೆ ಬಾಗುತ್ತಿತ್ತು. ಅದು ಗಟ್ಟಿ, ಪೆಡಸು. ತಾಳುವಷ್ಟು ತಾಳಿ, ಒಂದು ಕ್ಷಣದಲ್ಲಿ ಸಿಡಿಯುತ್ತದೆ. ಗಣಿಯವರು ಅದನ್ನು ರಾಕ್‌ಬರ್ಸ್ಟ್ ಎನ್ನುತ್ತಿದ್ದರು, ಮನೆಮಂದಿಯೂ ಅದೇ ಹೆಸರಿನಿಂದ ಹೆದರುತ್ತಿದ್ದರು. ದೊಡ್ಡ ಸಿಡಿತವಾದಾಗ ಮೇಲಿನ ಪಟ್ಟಣದಲ್ಲಿ ಪಾತ್ರೆಗಳು ಅಲುಗಾಡುತ್ತಿದ್ದವು. ಪಾಳಿಗೆ ಹೋದವರ ಮನೆಯವರು ಶಾಫ್ಟಿನ, ಅಂದರೆ ಗಣಿಗೆ ಇಳಿಯುವ ಬಾವಿಯ, ಬಳಿಗೆ ಓಡುತ್ತಿದ್ದರು. ಚಾಂಪಿಯನ್ ರೀಫಿನಲ್ಲಿ ನಡೆದ ಸರಣಿ ಸಿಡಿತಗಳು ಜಗತ್ತಿನ ಶಿಲಾಯಂತ್ರಶಾಸ್ತ್ರದ ಗ್ರಂಥಗಳಲ್ಲಿ ಉದಾಹರಣೆಯಾಗಿ ಬರುತ್ತವೆ.

ಇದಕ್ಕೆ ಕೋಲಾರದವರು ಕಂಡುಕೊಂಡ ಪರಿಹಾರಗಳನ್ನು ನೋಡಿ. ಅದಿರು ತೆಗೆದ ಜಾಗದಲ್ಲಿ ಕಟ್ಟಿಗೆಯ ಊರುಗೋಲು ಸಾಲದೆಂದು ಗೊತ್ತಾದ ಮೇಲೆ ಮೇಲಿನಿಂದ ಕಡೆದ ಗ್ರಾನೈಟ್ ಕಲ್ಲುಗಳನ್ನು ಇಳಿಸಿ ಒಳಗೆ ಗೋಡೆ ಕಟ್ಟಿದರು. ಚಿನ್ನದ ಕಲ್ಲು ಮೇಲೆ ಬರುತ್ತಿದ್ದ ಶಾಫ್ಟಿನಲ್ಲೇ ಗ್ರಾನೈಟ್ ಕೆಳಗೆ ಹೋಗುತ್ತಿತ್ತು. ಮುಂದೆ ಕಾಂಕ್ರೀಟ್ ಬಂತು. ಯಾವ ಕ್ರಮದಲ್ಲಿ ಅದಿರು ತೆಗೆದರೆ ಭಾರ ಒಂದೇ ಕಡೆ ಸೇರುವುದಿಲ್ಲ, ಕಂಬ ಬಿಡಬೇಕೋ ಬಿಡಬಾರದೋ, ಡೈಕ್ ಎಂಬ ಅಡ್ಡಶಿಲೆಯ ಸಮೀಪಕ್ಕೆ ಹೇಗೆ ಹೋಗಬೇಕು ಎಂಬೆಲ್ಲ ನಿಯಮಗಳು ಅಲ್ಲಿನ ರಿಜಿಸ್ಟರುಗಳಿಂದ ಹುಟ್ಟಿದವು. ಪ್ರತಿಯೊಂದು ಸಿಡಿತದ ವೇಳೆ, ಜಾಗ, ಹಾನಿ ಬರೆದಿಟ್ಟ ಆ ದಾಖಲೆ ದಶಕಗಳ ಕಾಲದ್ದು. ಮುಂದೆ ಭಾಭಾ ಅಣು ಸಂಶೋಧನಾ ಕೇಂದ್ರದ ನೆರವಿನಿಂದ ಭೂಕಂಪನ ಅಳೆಯುವ ಉಪಕರಣಗಳ ಜಾಲ ಕೂಡಿಸಿದರು. 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಹುಟ್ಟಿದ್ದೂ ಕೆಜಿಎಫ್‌ನಲ್ಲೇ. ಇವತ್ತು ಹಿಮಾಲಯದ ಸುರಂಗಕ್ಕೋ ಅಣೆಕಟ್ಟಿನ ಭೂಗತ ವಿದ್ಯುದಾಗಾರಕ್ಕೋ ಶಿಲೆಯ ಬಲ ಅಳೆಯಲು ಹೋಗುವವರ ಹಿಂದೆ ಕೋಲಾರದ ಈ ಪರಂಪರೆ ಇದೆ.

ಅದೇ ಗಣಿಯಲ್ಲಿ ಭೌತಶಾಸ್ತ್ರಜ್ಞರೂ ಇಳಿದರು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಿ.ವಿ. ಶ್ರೀಕಂಠನ್ 1950ರ ದಶಕದ ಆರಂಭದಲ್ಲೇ ಕಾಸ್ಮಿಕ್ ಕಿರಣಗಳ ಅಧ್ಯಯನಕ್ಕೆ ಅಲ್ಲಿಗೆ ಬಂದಿದ್ದರು. 1965ರಲ್ಲಿ ಎಂ.ಜಿ.ಕೆ. ಮೆನನ್, ಶ್ರೀಕಂಠನ್ ಮೊದಲಾದವರ ತಂಡ, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್ ವಿಜ್ಞಾನಿಗಳ ಜೊತೆಗೂಡಿ, ಸುಮಾರು 2.3 ಕಿಲೋಮೀಟರ್ ಆಳದಲ್ಲಿ ವಾತಾವರಣದ ನ್ಯೂಟ್ರಿನೋಗಳ ಗುರುತನ್ನು ಹಿಡಿಯಿತು. ಕೆಲವೇ ವಾರಗಳ ಅಂತರದಲ್ಲಿ ಅಂಥದೇ ಫಲಿತಾಂಶ ಪ್ರಕಟಿಸಿದ ಇನ್ನೊಂದು ತಂಡ ಫ್ರೆಡರಿಕ್ ರೈನ್ಸ್ ಅವರದು, ಅವರು ಕೆಲಸ ಮಾಡಿದ್ದು ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲಿ. ಎರಡೂ ಕಡೆ ಮೂಲ ಸೌಕರ್ಯ ಗಣಿಯವರದು: ಶಾಫ್ಟು, ಗಾಳಿ, ವಿದ್ಯುತ್, ನೀರು ತೆಗೆಯುವ ಪಂಪು. ಜಗತ್ತಿನ ಯಾವ ವಿಶ್ವವಿದ್ಯಾಲಯವೂ ಅಂಥ ಪ್ರಯೋಗಾಲಯವನ್ನು ತಾನಾಗಿ ತೋಡಿಸಲು ಶಕ್ತವಾಗಿರಲಿಲ್ಲ.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಆಳದ ಮಜಲುಗಳು ಅದಕ್ಕೂ ಮೊದಲೇ ನಿಂತಿದ್ದವು, ಭೌತಶಾಸ್ತ್ರಜ್ಞರು 1990ರ ದಶಕದ ಆರಂಭದಲ್ಲೇ ಉಪಕರಣ ಕಟ್ಟಿಕೊಂಡು ಹೊರಟಿದ್ದರು. ಪಂಪು ನಿಂತ ಮೇಲೆ ನೀರು ತುಂಬಿತು. ಕಾರ್ಮಿಕರ ಬದುಕಿನ ಬಗ್ಗೆ, ಬಾಕಿ ಹಣದ ಬಗ್ಗೆ, ಸಯನೈಡ್ ಬೆರೆತ ಗಿರಣಿ ತ್ಯಾಜ್ಯದ ಗುಡ್ಡಗಳಿಂದ ಏಳುವ ಧೂಳಿನ ಬಗ್ಗೆ ಬಹಳಷ್ಟು ಬರೆದಿದ್ದಾರೆ, ಇನ್ನೂ ಬರೆಯಬೇಕು. ನಷ್ಟದ ಗಣಿಯನ್ನು ನಡೆಸಲೇಬೇಕಿತ್ತು ಎಂದು ನಾನು ವಾದಿಸುವುದಿಲ್ಲ. ಚಿನ್ನ ತೆಗೆಯುವುದನ್ನು ನಿಲ್ಲಿಸುವುದು ಒಂದು ತೀರ್ಮಾನ. ಗಣಿಯನ್ನು ಕಲಿಕೆಗೂ ಮುಚ್ಚುವುದು ಇನ್ನೊಂದು ತೀರ್ಮಾನ. ನಾವು ಮೊದಲನೆಯದನ್ನು ಚರ್ಚಿಸಿ ಮಾಡಿದೆವು. ಎರಡನೆಯದು ಚರ್ಚೆಯೇ ಇಲ್ಲದೆ ಆಗಿಹೋಯಿತು. ಮೇಲಿನ ಒಂದೆರಡು ಮಜಲುಗಳನ್ನಾದರೂ ಒಣಗಿಸಿ ಒಂದು ವಿಶ್ವವಿದ್ಯಾಲಯದ ವಶಕ್ಕೆ ಕೊಡಬಹುದಿತ್ತು ಎಂಬ ಮಾತು ಗಟ್ಟಿಯಾಗಿ ಕೇಳಿಬರಲೇ ಇಲ್ಲ. ಇದನ್ನು ನೆನೆದಾಗ ನನಗೆ ಈಗಲೂ ಸಂಕಟವಾಗುತ್ತದೆ.

ಹೀಗೆ ಮಾಡಿದವರು ಇದ್ದಾರೆಯೇ ಎಂದು ನೀವು ಕೇಳಬಹುದು. ಇದ್ದಾರೆ. ಜರ್ಮನಿಯ ಸ್ಯಾಕ್ಸನಿಯಲ್ಲಿ ಫ್ರೈಬರ್ಗ್ ಎಂಬ ಸಣ್ಣ ಊರಿದೆ. ಏಳು ವರ್ಷಗಳ ಯುದ್ಧ 1763ರಲ್ಲಿ ಮುಗಿದಾಗ ಸ್ಯಾಕ್ಸನಿ ಸೋತು, ಸಾಲದಲ್ಲಿ ಮುಳುಗಿತ್ತು. ಬೊಕ್ಕಸ ಬರಿದಾದ ಆ ಸಂಸ್ಥಾನ 1765ರಲ್ಲಿ ಒಂದು ಗಣಿ ಅಕಾಡೆಮಿ ತೆರೆಯಿತು. ಬೆಳ್ಳಿಯ ಗಣಿಯೇ ರಾಜ್ಯವನ್ನು ಮತ್ತೆ ಎತ್ತಬೇಕು, ಅದಕ್ಕೆ ಓದಿದ ಗಣಿಗಾರರು ಬೇಕು ಎಂಬ ಲೆಕ್ಕಾಚಾರ. ಇಂದಿಗೂ ನಡೆಯುತ್ತಿರುವ ಗಣಿ ವಿಶ್ವವಿದ್ಯಾಲಯಗಳಲ್ಲಿ ಅತಿ ಹಳೆಯದೆಂದು ಅದಕ್ಕೆ ಹೆಸರಿದೆ. ಅಲ್ಲಿ ನಾಲ್ಕು ದಶಕ ಪಾಠ ಮಾಡಿದ ಅಬ್ರಹಾಂ ವೆರ್ನರ್ ಅವರಿಂದ ಕಲಿಯಲು ಯೂರೋಪಿನಾದ್ಯಂತ ಹುಡುಗರು ಬರುತ್ತಿದ್ದರು. 1791ರಲ್ಲಿ ಬಂದ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ ಬೆಳಿಗ್ಗೆ ಗಣಿಗೆ ಇಳಿಯುತ್ತಿದ್ದ, ಮಧ್ಯಾಹ್ನ ಪಾಠಕ್ಕೆ ಕೂರುತ್ತಿದ್ದ. ಆಮೇಲೆ ಗಣಿ ಅಧಿಕಾರಿಯಾದಾಗ ಸ್ಟೇಬನ್ ಎಂಬಲ್ಲಿ ಕಾರ್ಮಿಕರಿಗಾಗಿ ಸ್ವಂತ ಹಣ ಹಾಕಿ ಶಾಲೆ ತೆರೆದ. ಬೆಳಿಗ್ಗೆ ಗಣಿ, ಮಧ್ಯಾಹ್ನ ತರಗತಿ ಎಂಬ ಆ ವೇಳಾಪಟ್ಟಿಗಿಂತ ಒಳ್ಳೆಯ ಪಠ್ಯಕ್ರಮವನ್ನು ನಾನು ಕಂಡಿಲ್ಲ.

ಫ್ರೈಬರ್ಗಿನಲ್ಲಿ ಬೆಳ್ಳಿಯ ಗಣಿಗಾರಿಕೆ 1913ರಲ್ಲಿ ನಿಂತಿತು. ಬೆಲೆ ಕುಸಿದಿತ್ತು, ಅದಿರು ದುಬಾರಿಯಾಗಿತ್ತು. ನಮ್ಮ ಕೋಲಾರದ್ದೇ ಕಥೆ. ಅಲ್ಲಿನವರು ಮುಂದೆ ಮಾಡಿದ್ದು ಬೇರೆ. ಗಣಿಯ ಒಂದು ಭಾಗವನ್ನು ಅಕಾಡೆಮಿ ಬೋಧನೆಗೆಂದು ತನ್ನ ಕೈಗೆ ತೆಗೆದುಕೊಂಡಿತು. ರೈಷೆ ಜೆಖೆ ಎಂಬ ಶಾಫ್ಟಿನಲ್ಲಿ ಸುಮಾರು 150 ಮೀಟರ್ ಇಳಿದರೆ ಇವತ್ತಿಗೂ ಅಲ್ಲಿ ವಿದ್ಯಾರ್ಥಿಗಳು ಸರ್ವೆ ಕಲಿಯುತ್ತಾರೆ, ಗಾಳಿಯ ಹರಿವು ಅಳೆಯುತ್ತಾರೆ, ಕತ್ತಲಲ್ಲಿ ನಡೆಯುವ ರೋಬೋಗಳನ್ನು ಪರೀಕ್ಷಿಸುತ್ತಾರೆ, ಸೂಕ್ಷ್ಮಜೀವಿಗಳಿಂದ ಬಂಡೆಯೊಳಗಿನ ಲೋಹ ಕರಗಿಸುವ ಪ್ರಯೋಗ ಮಾಡುತ್ತಾರೆ. ಇಲ್ಲೊಂದು ಸಂಗತಿ ಹೇಳಲೇಬೇಕು. ಫ್ರೈಬರ್ಗಿನ ಪ್ರಾಧ್ಯಾಪಕರು ಅಲ್ಲಿನದೇ ಅದಿರನ್ನು ವಿಶ್ಲೇಷಿಸುತ್ತ ಎರಡು ಹೊಸ ಮೂಲವಸ್ತುಗಳನ್ನು ಕಂಡುಹಿಡಿದರು. 1863ರಲ್ಲಿ ರೈಖ್ ಮತ್ತು ರಿಷ್ಟರ್ ಇಂಡಿಯಮ್ ಕಂಡರು, 1886ರಲ್ಲಿ ಕ್ಲೆಮೆನ್ಸ್ ವಿಂಕ್ಲರ್ ಜರ್ಮೇನಿಯಮ್ ಕಂಡ. ಆಗ ಅವುಗಳಿಂದ ಯಾರಿಗೂ ಚಿಕ್ಕಾಸಿನ ಪ್ರಯೋಜನ ಇರಲಿಲ್ಲ. ಇವತ್ತು ನಿಮ್ಮ ಮೊಬೈಲ್ ಪರದೆಯಲ್ಲಿ ಇಂಡಿಯಮ್ ಇದೆ, ಇಂಟರ್ನೆಟ್ ಸಾಗಿಸುವ ಗಾಜಿನೆಳೆಯಲ್ಲಿ ಜರ್ಮೇನಿಯಮ್ ಇದೆ. 2023ರಲ್ಲಿ ಭಾರತ ಸರ್ಕಾರ ಪ್ರಕಟಿಸಿದ 30 ನಿರ್ಣಾಯಕ ಖನಿಜಗಳ ಪಟ್ಟಿಯಲ್ಲಿ ಎರಡೂ ಇವೆ.

ನಮ್ಮ ದೇಶದ ಚರಿತ್ರೆಯನ್ನು ಚುಟುಕಾಗಿ ಹೇಳಿ ಮುಂದೆ ಹೋಗುತ್ತೇನೆ. ಸರ್ಕಾರ ಗಣಿ ಎಂಜಿನಿಯರಿಂಗ್ ಕಾಲೇಜು ತೆರೆಯಬೇಕೆಂದು ಕಾಂಗ್ರೆಸ್ ಅಧಿವೇಶನ ಒತ್ತಾಯಿಸಿದ್ದು 1901ರಲ್ಲಿ. ಧನಬಾದಿನ ಇಂಡಿಯನ್ ಸ್ಕೂಲ್ ಆಫ್ ಮೈನ್ಸ್ ಉದ್ಘಾಟನೆಯಾದದ್ದು 1926ರ ಡಿಸೆಂಬರಿನಲ್ಲಿ. ಕೇಳಿದ್ದು ದಕ್ಕಲು ಇಪ್ಪತ್ತೈದು ವರ್ಷ! ಆದರೂ ಜಾಗದ ಆಯ್ಕೆ ಸರಿಯಾಗಿತ್ತು. ಝರಿಯಾದ ಕಲ್ಲಿದ್ದಲಿನ ಮಗ್ಗುಲಲ್ಲೇ ಕಟ್ಟಿದರು. ನಮ್ಮಲ್ಲೂ ಸುರತ್ಕಲ್‌ನ ಎನ್ಐಟಿಕೆಯಲ್ಲಿ, ಕೆಜಿಎಫ್‌ನ ಊರ್ಗಾಂನಲ್ಲಿ ಗಣಿ ಎಂಜಿನಿಯರಿಂಗ್ ಕಲಿಸುತ್ತಾರೆ. ಅಲ್ಲಿನ ಅಧ್ಯಾಪಕರ ಶ್ರಮ ನನಗೆ ಗೊತ್ತು. ನನ್ನ ಮಾತು ಅವರನ್ನು ಕುರಿತ ದೂರಲ್ಲ, ಅವರ ಪರವಾದ ಅಹವಾಲು.

ಗಣಿಯಿಂದ ಒಮ್ಮೆ ಹಳ್ಳಿಯ ಕಡೆ ತಿರುಗೋಣ, ಏಕೆಂದರೆ ಶಕ್ತಿಯ ಸಂಶೋಧನೆ ಬಂಡೆಯಲ್ಲಷ್ಟೇ ನಡೆಯುವುದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿ ಎಂಬ ವಿದ್ಯುತ್‌ರಸಾಯನ ವಿಜ್ಞಾನಿ ಇದ್ದರು. 1974ರಲ್ಲಿ ಅವರು 'ಅಸ್ತ್ರ' ಎಂಬ ಘಟಕ ಕಟ್ಟಿದರು. ಗ್ರಾಮೀಣ ಪ್ರದೇಶಕ್ಕೆ ವಿಜ್ಞಾನ ಮತ್ತು ತಂತ್ರಜ್ಞಾನವನ್ನು ಒಯ್ಯುವುದು ಅದರ ಉದ್ದೇಶ. ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಕೇಂದ್ರ ತೆರೆದು, ಸುತ್ತಲಿನ ಆರು ಹಳ್ಳಿಗಳಲ್ಲಿ ಮನೆಮನೆಗೂ ಹೋಗಿ ಅಳೆದರು: ಎಷ್ಟು ಸೌದೆ, ಎಷ್ಟು ಸೀಮೆಎಣ್ಣೆ, ಎತ್ತಿನ ದುಡಿಮೆ ಎಷ್ಟು ತಾಸು, ಹೆಂಗಸರು ನೀರಿಗೆ, ಸೌದೆಗೆ ಎಷ್ಟು ದೂರ ನಡೆಯುತ್ತಾರೆ. ಶಕ್ತಿ ಎಂದರೆ ಪೆಟ್ರೋಲು, ಕರೆಂಟು ಎಂದುಕೊಂಡಿದ್ದ ಯೋಜನಾ ತಜ್ಞರಿಗೆ ಆ ಹಳ್ಳಿಗಳಲ್ಲಿ ಉರಿಯುತ್ತಿದ್ದದ್ದು ಬಹುಪಾಲು ಸೌದೆ, ಅದನ್ನು ಹೊತ್ತು ತರುತ್ತಿದ್ದವರು ಹೆಂಗಸರು ಮತ್ತು ಮಕ್ಕಳು ಎಂಬುದು ಅಂಕಿಗಳಲ್ಲಿ ಕಂಡಿತು. ಆ ಕೆಲಸದಿಂದ ಹುಟ್ಟಿದ ಅಸ್ತ್ರ ಒಲೆ ನಿಮ್ಮಲ್ಲಿ ಎಷ್ಟೋ ಮಂದಿಯ ಅಜ್ಜಿಯ ಮನೆಯಲ್ಲಿ ಇದ್ದಿರಬಹುದು.

ಪುರ ಎಂಬ ಹಳ್ಳಿಯ ಉದಾಹರಣೆಯನ್ನು ನಾನು ಪ್ರತಿ ವರ್ಷ ಪಾಠ ಮಾಡುತ್ತೇನೆ. ಅಲ್ಲಿ ಊರೊಟ್ಟಿನ ಗೋಬರ್ ಗ್ಯಾಸ್ ಸ್ಥಾವರ ಕಟ್ಟಿ ಎಲ್ಲ ಮನೆಗಳಿಗೂ ಅಡುಗೆ ಅನಿಲ ಕೊಡುವುದು ಮೊದಲ ಯೋಜನೆ. ಸಗಣಿ ಸಾಲಲಿಲ್ಲ, ಅನಿಲ ಎಲ್ಲರ ಅಡುಗೆಗೂ ಸಾಕಾಗಲಿಲ್ಲ. ಅಸ್ತ್ರದ ತಂಡ ಊರವರ ಜೊತೆ ಕೂತು ನಿಮಗೆ ಮೊದಲು ಬೇಕಾದದ್ದೇನು ಎಂದು ಮತ್ತೆ ಕೇಳಿತು. ಶುದ್ಧ ನೀರು ಮತ್ತು ದೀಪ ಎಂಬ ಉತ್ತರ ಬಂತು. ಅದೇ ಅನಿಲದಿಂದ ಎಂಜಿನ್ ಓಡಿಸಿ, ವಿದ್ಯುತ್ ಉತ್ಪಾದಿಸಿ, 1987ರಿಂದ ಮನೆಗಳಿಗೆ ದೀಪವನ್ನೂ ನಲ್ಲಿ ನೀರನ್ನೂ ಕೊಟ್ಟರು. ಮೊದಲ ಯೋಜನೆ ಕೈಕೊಟ್ಟದ್ದನ್ನು ಅವರು ಮುಚ್ಚಿಡದೆ ಬರೆದರು. ಸಂಶೋಧನೆ ಅಂದರೆ ಹೀಗಿರಬೇಕು.

ರೆಡ್ಡಿಯವರ ಇನ್ನೊಂದು ಕೆಲಸ ಇನ್ನೂ ಧೈರ್ಯದ್ದು. 1987ರಲ್ಲಿ ರಾಜ್ಯದ ಸಮಿತಿಯೊಂದು ಕರ್ನಾಟಕದ ದೀರ್ಘಾವಧಿ ವಿದ್ಯುತ್ ಯೋಜನೆ ಸಿದ್ಧಪಡಿಸಿತು. 2000ನೇ ಇಸವಿಗೆ ಇಷ್ಟು ಬೇಡಿಕೆ ಬರುತ್ತದೆ, ಅದಕ್ಕೆ ಇಷ್ಟು ಸ್ಥಾವರ ಬೇಕು ಎಂಬ ಲೆಕ್ಕ. ರೆಡ್ಡಿ ಮತ್ತು ಸಂಗಡಿಗರು ಆ ಲೆಕ್ಕವನ್ನು ತಿರುಗಿಸಿ ಮಾಡಿದರು. ಜನರಿಗೆ ಬೇಕಾದದ್ದು ಕಿಲೋವ್ಯಾಟ್ ಅಲ್ಲ, ಬೆಳಕು, ನೀರು, ಬಿಸಿ, ಯಂತ್ರದ ತಿರುಗಾಟ. ಅವನ್ನು ದಕ್ಷ ಪಂಪು, ದಕ್ಷ ದೀಪ, ಸೂರ್ಯನ ಬಿಸಿನೀರಿನಿಂದ ಒದಗಿಸಿದರೆ ಎಷ್ಟು ವಿದ್ಯುತ್ ಸಾಕು? ಸಮಿತಿ ಹೇಳಿದ್ದರ ಅರ್ಧಕ್ಕೂ ಕಡಿಮೆ ಎಂದು ತೋರಿಸಿದರು. ವಿಶ್ವವಿದ್ಯಾಲಯದ ಒಬ್ಬ ಪ್ರಾಧ್ಯಾಪಕ ಸರ್ಕಾರದ ಲೆಕ್ಕವನ್ನು ಸಾರ್ವಜನಿಕವಾಗಿ ಮರುಪರಿಶೀಲಿಸಿದ, ಹಾಗೆ ಮಾಡಲು ಅವನಿಗೆ ಜಾಗವಿತ್ತು. ಇಂದು ಪಾವಗಡದಲ್ಲಿ 2,000 ಮೆಗಾವ್ಯಾಟ್ ಮೀರಿದ ಸೌರ ಪಾರ್ಕ್ ನಿಂತಿದೆ, ರೈತರು ಸಾವಿರಾರು ಎಕರೆ ಭೂಮಿಯನ್ನು ಗುತ್ತಿಗೆಗೆ ಕೊಟ್ಟಿದ್ದಾರೆ. ಅಲ್ಲಿನ ಭೂಮಿ, ನೀರು, ಕೂಲಿಯವರ ಬದುಕು ಏನಾಯಿತು ಎಂದು ಉಂಗ್ರದ ಹಾಗೆ ಮನೆಮನೆಗೂ ಹೋಗಿ ಅಳೆಯುವ ವಿಭಾಗ ನಮ್ಮ ಪ್ರತಿಯೊಂದು ಎಂಜಿನಿಯರಿಂಗ್ ಕಾಲೇಜಿನಲ್ಲೂ ಇರಬೇಕು.

ಮತ್ತೆ ಗಣಿಗೆ ಬರುತ್ತೇನೆ. ವಿದ್ಯಾರ್ಥಿ ಗಣಿಯೊಳಗೆ ನಿಂತೇ ಕಲಿಯಬೇಕು ಎಂದೆನಲ್ಲ, ಅದಕ್ಕೆ ಒಂದೇ ಒಂದು ಉದಾಹರಣೆ ಕೊಡುತ್ತೇನೆ: ಸ್ಯಾಂಪಲ್ ತೆಗೆಯುವುದು. ಗೋಡೆಯ ಮೇಲೆ ಅದಿರಿನ ಪಟ್ಟಿಗೆ ಅಡ್ಡಲಾಗಿ ಅಂಗೈ ಅಗಲದ, ಬೆರಳಿನಷ್ಟು ಆಳದ ತೋಡು ಕೊರೆಯಬೇಕು. ಉಳಿ ಸುತ್ತಿಗೆಯಿಂದ ಬಿದ್ದ ಚೂರುಗಳೆಲ್ಲ ಕೆಳಗೆ ಹಾಸಿದ ಕ್ಯಾನ್ವಾಸಿನಲ್ಲಿ ಬೀಳಬೇಕು. ಮೆದು ಕಲ್ಲು ಸುಲಭವಾಗಿ ಉದುರುತ್ತದೆ, ಗಟ್ಟಿ ಕಲ್ಲು ಉದುರುವುದಿಲ್ಲ. ಸೋಮಾರಿ ಕೈ ಮೆದುವನ್ನೇ ಹೆಚ್ಚು ತೆಗೆಯುತ್ತದೆ. ಚಿನ್ನ ಮೆದುವಿನಲ್ಲಿದ್ದರೆ ಗಣಿ ಇಲ್ಲದ ಶ್ರೀಮಂತಿಕೆ ತೋರಿಸುತ್ತದೆ, ಗಟ್ಟಿಯಲ್ಲಿದ್ದರೆ ಇರುವ ಚಿನ್ನ ಮರೆಯಾಗುತ್ತದೆ. ತಂದದ್ದನ್ನು ಕುಟ್ಟಿ, ರಾಶಿ ಮಾಡಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಇಟ್ಟುಕೊಂಡು, ಮತ್ತೆ ರಾಶಿ, ಮತ್ತೆ ನಾಲ್ಕು ಪಾಲು. ಟನ್ನಿಗೆ 3 ಗ್ರಾಂ ಎಂದರೆ ಹತ್ತು ಲಕ್ಷದಲ್ಲಿ ಮೂರು ಪಾಲು. ಒಂದೇ ಒಂದು ಚಿನ್ನದ ಕಣ ಹೆಚ್ಚಾಗಿ ಸೇರಿದರೂ ಉತ್ತರ ತಲೆಕೆಳಗು. ದಕ್ಷಿಣ ಆಫ್ರಿಕಾದ ಡ್ಯಾನಿ ಕ್ರೀಗ್ ಇದೇ ತೊಡಕನ್ನು 1951ರ ತನ್ನ ಸ್ನಾತಕೋತ್ತರ ಪ್ರಬಂಧದಲ್ಲಿ ಅಂಕಿಸಂಖ್ಯಾಶಾಸ್ತ್ರದಿಂದ ಬಿಡಿಸಹೊರಟ. ಫ್ರಾನ್ಸಿನ ಜಾರ್ಜ್ ಮಾಥೆರೋನ್ ಅದನ್ನು ಒಂದು ಶಾಸ್ತ್ರವಾಗಿ ಬೆಳೆಸಿ, ವಿಧಾನಕ್ಕೆ ಕ್ರೀಗನ ಹೆಸರನ್ನೇ ಇಟ್ಟ. ಇವತ್ತು ಅಂತರ್ಜಲದ ನಕ್ಷೆ, ವಾಯುಮಾಲಿನ್ಯದ ನಕ್ಷೆ ಮಾಡುವವರೆಲ್ಲ ಕ್ರೀಗಿಂಗ್ ಬಳಸುತ್ತಾರೆ.

ಈ ವಿದ್ಯೆಯ ಅಗತ್ಯ ಇಂದು ಎಷ್ಟಿದೆ ಎಂಬುದಕ್ಕೆ ಮಂಡ್ಯ ಜಿಲ್ಲೆಯ ಮರಳಗಾಲ–ಅಲ್ಲಾಪಟ್ಟಣದ ಲಿಥಿಯಂ ಸಾಕ್ಷಿ. 2020ರಲ್ಲಿ 14,000 ಟನ್ ದಾಟಿದ ಅಂಕಿಯೊಂದು ಪತ್ರಿಕೆಗಳಲ್ಲಿ ಓಡಾಡಿತು. ಪರಮಾಣು ಖನಿಜ ನಿರ್ದೇಶನಾಲಯದ ಅಧಿಕೃತ ಅಂದಾಜು 1,600 ಟನ್, ಅದೂ 'ಇನ್ಫರ್ಡ್' ವರ್ಗದಲ್ಲಿ, ಅಂದರೆ ಇನ್ನೂ ಸಡಿಲ ಆಧಾರದ ಮೇಲೆ. ನೆಲದಲ್ಲಿ ಇದೆ ಎಂದು ಊಹಿಸಿದ ಸಂಪತ್ತು ಬೇರೆ, ಲಾಭದಲ್ಲಿ ತೆಗೆಯಬಹುದೆಂದು ಸಾಬೀತಾದ ನಿಕ್ಷೇಪ ಬೇರೆ. ಈ ಭೇದ ಗೊತ್ತಿರುವ ನೂರಾರು ಎಂಜಿನಿಯರರು, ಅದನ್ನು ಕನ್ನಡದಲ್ಲಿ ತಿಳಿಸಿ ಹೇಳಬಲ್ಲ ಹತ್ತಾರು ಪತ್ರಕರ್ತರು ನಮಗೆ ಬೇಕು. ಊರಿಗೆ ಗಣಿ ಬರುತ್ತದೆಂದರೆ ಜಮೀನಿನ ಬೆಲೆ, ನಂಬಿಕೆ, ಭಯ ಎಲ್ಲವೂ ಈ ಅಂಕಿಗಳ ಮೇಲೆ ಏರಿಳಿಯುತ್ತವೆ.

ಗಣಿ ಕೋರ್ಸಿಗೆ ಹುಡುಗರು ಬರುವುದಿಲ್ಲ ಎಂಬ ದೂರು ಇದೆ. ಬಳ್ಳಾರಿಯಲ್ಲಿ ನಡೆದ ಅಕ್ರಮಗಳು, 2011ರಲ್ಲಿ ಸುಪ್ರೀಂ ಕೋರ್ಟ್ ಅಲ್ಲಿನ ಗಣಿಗಾರಿಕೆಯನ್ನೇ ನಿಲ್ಲಿಸಬೇಕಾಗಿ ಬಂದದ್ದು, ಕುದುರೆಮುಖದ ಕಾಡಿಗೆ ಗಣಿ ಮಾಡಿದ ಗಾಯ ಇವೆಲ್ಲ ಈ ಕಸುಬಿನ ಹೆಸರು ಕೆಡಿಸಿವೆ. ಹಾಗಾಗಿಯೇ ಒಳ್ಳೆಯವರು ಈ ಕಡೆ ಬರಬೇಕೆಂದು ನಾನು ಕೇಳುವುದು. ಹೊಂಡ ಮುಚ್ಚಿ ಕಾಡು ಬೆಳೆಸುವುದೂ, ಕೆಜಿಎಫ್‌ನಲ್ಲಿ ಬಿದ್ದಿರುವ ಮೂರು ಕೋಟಿ ಟನ್‌ಗೂ ಮಿಕ್ಕ ಗಿರಣಿ ತ್ಯಾಜ್ಯದ ಗುಡ್ಡಗಳನ್ನು ಊರಿಗೆ ಕೇಡಾಗದಂತೆ ಮಾಡುವುದೂ ಗಣಿ ಎಂಜಿನಿಯರಿಂಗೇ. ಹೆಣ್ಣುಮಕ್ಕಳಿಗೊಂದು ಮಾತು: ಭೂಗತ ಗಣಿಯಲ್ಲಿ ಮಹಿಳೆಯರು ಕೆಲಸ ಮಾಡುವುದನ್ನು 1952ರ ಗಣಿ ಕಾಯ್ದೆ ತಡೆದಿತ್ತು. 2019ರಲ್ಲಿ ತಾಂತ್ರಿಕ, ಮೇಲ್ವಿಚಾರಣೆ ಮತ್ತು ಆಡಳಿತದ ಹುದ್ದೆಗಳಿಗೆ ಆ ತಡೆ ಸಡಿಲಾಯಿತು. ಬಾಗಿಲು ತೆರೆದಿದೆ, ಬನ್ನಿ.

ಕೊನೆಯದಾಗಿ ಎರಡು ಬೇಡಿಕೆ ಇಟ್ಟು ನನ್ನ ಮಾತು ನಿಲ್ಲಿಸುತ್ತೇನೆ. ಕೆಜಿಎಫ್‌ನ ನಕ್ಷೆಗಳು, ಅದಿರು ವಿಶ್ಲೇಷಣೆಯ ಪುಸ್ತಕಗಳು, ರಾಕ್‌ಬರ್ಸ್ಟ್ ರಿಜಿಸ್ಟರುಗಳು ಯಾವ ಕಚೇರಿಯ ಯಾವ ಕಪಾಟಿನಲ್ಲಿದ್ದರೂ ಅವನ್ನು ಸ್ಕ್ಯಾನ್ ಮಾಡಿಸಿ ಎಲ್ಲ ವಿಶ್ವವಿದ್ಯಾಲಯಗಳಿಗೂ ತೆರೆದಿಡಬೇಕು; ಗಣಿಯಲ್ಲಿ ದುಡಿದ ಹಿರಿಯರು ನಮ್ಮ ನಡುವೆ ಇರುವಾಗಲೇ ಅವರನ್ನು ಕೂರಿಸಿ ಆ ದಾಖಲೆಗಳನ್ನು ಓದಿಸಬೇಕು, ಅವರ ತಮಿಳು, ತೆಲುಗು, ಕನ್ನಡ ವಿವರಣೆಗಳನ್ನು ಬರೆದುಕೊಳ್ಳಬೇಕು. ಎರಡನೆಯದು ರಾಯಚೂರು ಜಿಲ್ಲೆಯ ಹಟ್ಟಿ ಚಿನ್ನದ ಗಣಿಯ ಬಗ್ಗೆ. ಅದು ಇವತ್ತು ನಡೆಯುತ್ತಿದೆ, ಅದು ರಾಜ್ಯ ಸರ್ಕಾರದ್ದು. ನಮ್ಮ ವಿಶ್ವವಿದ್ಯಾಲಯಗಳೂ ರಾಜ್ಯ ಸರ್ಕಾರದವು. ಹಟ್ಟಿಯ ಕೆಲಸ ಮುಗಿದ ಒಂದು ಮಜಲನ್ನು ವಿದ್ಯಾರ್ಥಿಗಳಿಗೆ ಬಿಟ್ಟುಕೊಡಲು ದೆಹಲಿಯಿಂದ ಯಾರೂ ಬಂದು ಶಿಲಾನ್ಯಾಸ ಮಾಡಬೇಕಾಗಿಲ್ಲ. ಸುರಕ್ಷತೆಯ ಅನುಮತಿ ಪಡೆದು, ಒಂದು ಒಪ್ಪಂದಕ್ಕೆ ಎರಡು ಸಹಿ ಹಾಕಿದರೆ ಆಯಿತು. ಈ ಸಭೆಯಲ್ಲಿರುವ ಕುಲಪತಿಗಳು ಮೊದಲ ಸಹಿ ಹಾಕಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.